ಮೂರು ಸುತ್ತು

"ಅವನು ಇನ್ನು ಈ ಮನೆಯ ಹೊಸ್ತಿಲು ತುಳಿಯಲ್ಲ. ನಿನ್ನಾಣೆ," ಎಂದು ಅಮ್ಮ ನನ್ನ ತಲೆ ಮುಟ್ಟಿ ಮಾತು ಕೊಟ್ಟಾಗ ನನಗೆ ಒಂಬತ್ತು ವರ್ಷ. ಸೋದರಮಾವನ ಕೈಯಿಂದ ಕೊಸರಿಕೊಂಡು ಬಂದು ಎಲ್ಲ ಹೇಳಿದ್ದೆ. ಆ ಮಾತಿನ ಧೈರ್ಯದ ಮೇಲೇ ಈಗ ಮಗಳನ್ನು ಅಮ್ಮನ ಬಳಿ ಬಿಟ್ಟು ಎರಡು ಪಾಳಿ ದುಡಿಯುತ್ತೇನೆ.

ರಜೆಯ ದಿನ ಅಮ್ಮನ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಮೂರು ಸುತ್ತು ಬರೆದು, ಮಗಳನ್ನು ನಡುವೆ ನಿಲ್ಲಿಸಿದೆ.

"ಒಳಗಿನ ಸುತ್ತಿನವರು ನಿನ್ನ ಅಪ್ಪಿಕೊಳ್ಳಬಹುದು. ಎರಡನೇ ಸುತ್ತಿನವರು ಕೈ ಕುಲುಕಬಹುದು. ಹೊರಗಿನವರಿಗೆ ದೂರದಿಂದಲೇ ನಮಸ್ಕಾರ. ಯಾರ‍್ಯಾರು ಎಲ್ಲಿ, ನೀನೇ ಹೇಳು ಪುಟ್ಟಿ."

"ನೀನು ಒಳಗೆ. ಅಜ್ಜೀನೂ ಒಳಗೆ. ವ್ಯಾನ್ ಅಂಕಲ್ ಎರಡನೇದು. ಪೆಪ್ಪರಮಿಂಟ್ ತಾತ ಅಲ್ಲಿ, ಗೇಟಿನ ಆಚೆ!"

"ಅದ್ಯಾರೇ?"

"ಬುಧವಾರ ಊಟಕ್ಕೆ ಬರ್ತಾರಲ್ಲ, ಅವರು. ತೊಡೆ ಮೇಲೆ ಕೂತ್ಕೋ ಅಂದ್ರು. ನೀನು ಹೇಳಿಕೊಟ್ಟ ಹಾಗೇ 'ಬೇಡ' ಅಂತ ಜೋರಾಗಿ ಕೂಗಿ ಓಡಿಬಂದೆ."

"ಜಾಣೆ ನೀನು. ಅಜ್ಜಿ ಏನಂದ್ರು?"

"ದೊಡ್ಡೋರಿಗೆ ಹಾಗೆಲ್ಲ ಅನ್ನಬಾರದು, ಅಮ್ಮಂಗೆ ಹೇಳ್ಬೇಡ ಅಂದ್ರು."

ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ಅಮ್ಮನ ಕಡೆ ತಿರುಗಿದೆ.

"ಯಾರಮ್ಮ ಅದು?"

"ವಯಸ್ಸಾಯ್ತು ಕಣೇ ಅವನಿಗೆ," ಎಂದಳು. "ಎಷ್ಟಾದರೂ ನನ್ನ ಒಡಹುಟ್ಟಿದವನು."

ನನ್ನ ತಲೆ ಮುಟ್ಟಿ ಕೊಟ್ಟ ಮಾತನ್ನು ಅಮ್ಮ ಮುರಿದಿದ್ದಳು.