ಹೊಂಗೆ ಕಡಿದ ಮಧ್ಯಾಹ್ನ

ಮಗಳಿಗೆ ನೆಗಡಿಯಾದಾಗ ಎದೆಗೆ ನೀಲಗಿರಿ ಎಣ್ಣೆ ಹಚ್ಚುತ್ತೇನೆ. ಆ ವಾಸನೆಗೆ ಈಗಲೂ ಕಳಲೆ ಊರಿನ ನಮ್ಮ ಮಳೆಯಾಶ್ರಿತ ಬೆದ್ದಲು ಹೊಲದ ಒಂದು ಮಧ್ಯಾಹ್ನ ಕಣ್ಮುಂದೆ ಬರುತ್ತದೆ.

ಹೊಲದ ಬದುವಿನಲ್ಲಿ ಏಳು ಹೊಂಗೆ ಮರಗಳಿದ್ದವು. ಅಜ್ಜಿ ವರ್ಷಕ್ಕೆ ಎರಡು ಮರದ ಕೊಂಬೆಗಳನ್ನು ಮಾತ್ರ ಕಡಿಸಿ, ಉಳಿದವನ್ನು ಚಿಗುರಲು ಬಿಡುತ್ತಿದ್ದಳು. ಸೊಪ್ಪು ಗೊಬ್ಬರಕ್ಕೆ, ಕಡ್ಡಿ ಒಲೆಗೆ. "ಮರದತ್ರ ರೆಂಬೆ ಕೇಳ್ಬೌದು ಕಣವ್ವ, ಬುಡ ಕೇಳ್ಬಾರ್ದು" ಎನ್ನುತ್ತಿದ್ದಳು. ಅಪ್ಪನಿಗೆ ಅವನ್ನೆಲ್ಲ ತೆಗೆದು ಹೊಲದ ತುಂಬ ನೀಲಗಿರಿ ನೆಡುವ ಆಸೆ. ಅದೇ ಜಗಳದಲ್ಲಿ ತಾಯಿ ಮಗನಿಗೆ ಮಾತು ನಿಂತಿತ್ತು.

ಆ ದಿನ ಅಜ್ಜಿ ಹಪ್ಪಳ ಒತ್ತಲು ಊರೊಳಗಿನ ತಂಗಿಯ ಮನೆಗೆ ಹೊರಟಳು. ಒಂಬತ್ತು ವರ್ಷದ ನನ್ನನ್ನು ಹೊಲದಲ್ಲಿ ಬಿಟ್ಟು, "ಮರ ಕುಯ್ಯೋರು ಬಂದ್ರೆ ಓಡ್ಬಂದು ನನ್ ಕರಿ, ಕೂಸೇ" ಎಂದಳು.

ಸ್ವಲ್ಪ ಹೊತ್ತಿಗೇ ಅಪ್ಪ ಗರಗಸದವರನ್ನು ಕರೆದುಕೊಂಡು ಬಂದ. ನಾನು ಓಡಲು ಎದ್ದೆ. "ಎಲ್ಲಿಗವ್ವ? ಬಾ, ನೀನೂ ಗರಗಸ ಒಂದ್ಕಡೆ ಇಡ್ಕೊ" ಎಂದ. ಅಪ್ಪ ಅಷ್ಟು ಮೆತ್ತಗೆ ನನ್ನನ್ನು ಕರೆದದ್ದೇ ಅಪರೂಪ. ಹೋಗಿ ಗರಗಸದ ಹಿಡಿಗೆ ಕೈ ಸೇರಿಸಿದೆ. ಮೊದಲ ಮರ ಉರುಳಿದಾಗ ಕುಣಿದೆ ಕೂಡ.

ಸಂಜೆ ಅಜ್ಜಿ ಬಂದವಳು ಹಸಿ ಬುಡದ ಮೇಲೆ ಅಂಗೈ ಊರಿ ಕುಳಿತುಬಿಟ್ಟಳು.

"ಯಾಕವ್ವ ಕರೀಲಿಲ್ಲ?"

"ನಿದ್ದೆ ಬಂದ್ಬುಟ್ಟಿತ್ತು ಅಜ್ಜಿ."

"ಮಕ್ಳಲ್ವಾ, ಬತ್ತದೆ" ಎಂದು ನನ್ನನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ನನ್ನ ತಲೆಗೂದಲಲ್ಲಿ ಸಿಕ್ಕಿಕೊಂಡಿದ್ದ ಮರದ ಹೊಟ್ಟನ್ನು ಒಂದೊಂದಾಗಿ ಆರಿಸಿ ತೆಗೆದಳು.