ಗೋಡೆಯಾಚೆಯ ವಾಲ್ವ್

ಬಚ್ಚಲುಮನೆಯ ನಲ್ಲಿ ಕಿತ್ತುಬಂದ ಜಾಗಕ್ಕೆ ಎರಡೂ ಕೈಯಿಂದ ಟವೆಲ್ ಒತ್ತಿ ಹಿಡಿದು ನಿಂತಿದ್ದ ತಮ್ಮ. ಬೀದಿಯ ಪೈಪಿನಿಂದ ಬರುವ ನೀರಿನ ಒತ್ತಡ ತಗ್ಗಿಸುವ ಉಪಕರಣ ಕೆಟ್ಟಿತ್ತು. ಕೈ ಸಡಿಲಿಸಿದರೆ ನೀರು ನೇರವಾಗಿ ಎದುರಿನ ಸ್ವಿಚ್‌ಬೋರ್ಡಿಗೆ ಹಾರುತ್ತಿತ್ತು. ಮನೆ ಪಾಲಾಗಿ ನಡುವೆ ಗೋಡೆ ಎದ್ದಾಗ, ಇಡೀ ಮನೆಯ ನೀರು ನಿಲ್ಲಿಸುವ ಮೇನ್ ವಾಲ್ವ್ ಅಣ್ಣನ ಕಡೆ ಉಳಿದಿತ್ತು. ಅಂದಿನಿಂದ ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲ.

ಹೆಂಡತಿ ಓಡಿ ಬಂದಳು. "ಎಷ್ಟು ಬಡಿದರೂ ಬಾಗಿಲು ತೆಗೀತಿಲ್ಲ. ಭಾವ ಒಳಗೇ ಇದ್ದಾರೆ, ಸದ್ದು ಕೇಳಿಸ್ತಿದೆ."

"ನಾನೇ ಬೇಡಲಿ ಅಂತ ಕಾಯ್ತಿದ್ದಾನೆ."

"ಹಾಗಾದ್ರೆ ಬೇಡಿ. ನಿಮ್ಮ ಬಿಂಕ ಒರೆಸೋಕೆ ಮನೇಲಿ ಇನ್ನೊಂದು ಟವೆಲ್ ಇಲ್ಲ."

ಮರಗಟ್ಟಿದ ಬೆರಳುಗಳಡಿ ಟವೆಲ್ ಜಾರತೊಡಗಿತು. ತಮ್ಮ ಗೋಡೆಯತ್ತ ಮುಖ ಮಾಡಿ ಕೂಗಿದ. "ಅಣ್ಣಾ, ಸ್ವಲ್ಪ ವಾಲ್ವ್ ಮುಚ್ಚು."

"ಹೇಗೆ ಮುಚ್ಚಲೋ? ನನ್ನ ಕಡೆ ನಲ್ಲಿನೂ ಕಿತ್ತುಬಂದಿದೆ, ನಾನೂ ಹಿಡ್ಕೊಂಡು ನಿಂತಿದ್ದೀನಿ," ಗೋಡೆಯಾಚೆಯಿಂದ ಅಣ್ಣನ ದನಿ ಬಂತು. "ನಿನ್ನ ಹೆಂಡತೀನ ಹಿಂದಿನ ಬಾಗಿಲಿಂದ ಕಳಿಸು. ಗೋಡೆ ಎದ್ದ ಮೇಲೂ ಅದಕ್ಕೆ ನಾನು ಚಿಲಕ ಹಾಕಿಲ್ಲ."