ಅರ್ಧರ್ಧ ಮುತ್ತ್ಯಾ

“ಮೊದಲ ನಾ ನೋಡಾಕಿ, ಅಕ್ಕಾ!” ಹುಮನಾಬಾದಿನಿಂದ ಬಂದ ಉಮಾದೇವಿ ತನ್ನ ಅರ್ಧ ಫೋಟೊ ಬಿಗಿಹಿಡಿದಳು. ಸುಮನಬಾಯಿ ಹಲ್ಲು ಕಚ್ಚಿ, ದುರ್ಬೀನಿನಂಥ ಹಳೇ ಡಬ್ಬಿಯಲ್ಲಿ ತನ್ನ ಅರ್ಧ ಸಿಕ್ಕಿಸಿ ನೆಗೆಣ್ಣಿಯ ಕೈಗಿತ್ತಳು.

ಮನೆ ಪಾಲಾದಾಗ ಒಂದೇ ರಟ್ಟಿನ ಮೇಲೆ ಒಂದೇ ಥರದ ಜೋಡಿ ಫೋಟೊ ಕಂಡು, ಆಕೆಗೊಂದು ತನಗೊಂದು ಎಂದು ಕತ್ತರಿ ಆಡಿಸಿದವಳು ಸುಮನಬಾಯಿಯೇ. ಜರ್ಮನ್ ಲಡಾಯಿಯಲ್ಲಿ ಡೇರೆಯ ಮುಂದೆ ರೊಟ್ಟಿ ಬಡಿಯುವ ಗಂಡನ ಅಜ್ಜ, ಮುತ್ತ್ಯಾ, ಎರಡೂ ಅರ್ಧ ಡಬ್ಬಿಯಲ್ಲಿ ಕೂಡಿದರಷ್ಟೇ ಕಣ್ಣೆದುರು ನಿಂತಂತೆ ಎದ್ದು ಬರುತ್ತಾನೆಂದು ಆಮೇಲೆ ತಿಳಿಯಿತು. ಅವನನ್ನು ಹಾಗೊಮ್ಮೆ ಕಾಣಲು ಹನ್ನೆರಡು ವರ್ಷ ಕಾದಿದ್ದಳು.

“ಯವ್ವಾ! ಹಂಚಿನ ಹೊಗಿ ಮೂಗಿಗಿ ಬಡ್ಯಾಕತ್ತದ!” ತನ್ನ ಅರ್ಧವನ್ನೂ ಪಕ್ಕಕ್ಕೆ ಸಿಕ್ಕಿಸಿ ನೋಡುತ್ತಿದ್ದ ಉಮಾದೇವಿ ಗಾಳಿಯಲ್ಲಿ ರೊಟ್ಟಿಗೆ ಕೈಚಾಚಿದಳು.

“ಸಾಕ್ ಬಿಡ, ಇಲ್ಲಿ ತಾ!”

ಉಮಾದೇವಿ ಡಬ್ಬಿ ಕೊಟ್ಟಳು. ಸುಮನಬಾಯಿ ಕಣ್ಣಿಗೊತ್ತಿಕೊಂಡಳು. ಒಂದು ಕಣ್ಣಿಗೆ ಮುತ್ತ್ಯಾ, ಇನ್ನೊಂದಕ್ಕೆ ಎದುರಿನ ಗೋಡೆ.

ಉಮಾದೇವಿ ತನ್ನ ಅರ್ಧವನ್ನು ಕುಬಸದೊಳಗೆ ತುರುಕುತ್ತಿದ್ದಳು. “ಕತ್ತರಿ ಹಿಡದಾಕಿ ನೀನ ಅಲ್ಲೇನಕ್ಕಾ? ನಿನ್ನ ಪಾಲು ನೀ ನೋಡ್ಕೋ.”